ಗೆಳೆಯನಿಗೊಂದು ಪತ್ರ: ನಿನ್ನ ವಿಲನ್‌ಗೆ ಮನೆ ಕೊಡು

ಪ್ರೀತಿಯ ಗೆಳೆಯಾ,

ಕಾಮಿಕ್ಸಿನ ಕರಡು ಓದಿದೆ. ವಿಲನ್‌ನ ಅಡಗುತಾಣಕ್ಕೆ ಹನ್ನೆರಡು ಪುಟ, ಮನೆಗೆ ಎರಡೇ ಚೌಕ. ಒಂದೇ ಸೂರಿನಡಿ ಇದ್ದೂ ಮಗಳಿಗೆ ಅಪ್ಪನ ಕಸುಬು ಯಾಕೆ ಗೊತ್ತಾಗಲಿಲ್ಲ ಅನ್ನುವುದಕ್ಕೆ ಉತ್ತರವೇ ಇಲ್ಲವಲ್ಲ!

ಸ್ಪೈಡರ್‌ಮ್ಯಾನ್‌ನ ಹಳೆಯ ಸಂಚಿಕೆಗಳನ್ನು ವರಸೆಯಾಗಿ ಓದು. ಅದರ ವಿಲನ್ ಗ್ರೀನ್ ಗಾಬ್ಲಿನ್ ಮೊದಲು ಬಂದದ್ದು 14ನೇ ಸಂಚಿಕೆಯಲ್ಲಿ, 1964ರ ಜುಲೈ. ಹ್ಯಾರಿ 31ರಲ್ಲಿ ಪೀಟರ್‌ನ, ಅಂದರೆ ಸ್ಪೈಡರ್‌ಮ್ಯಾನ್‌ನ, ಸಹಪಾಠಿಯಾಗಿ ಬರುತ್ತಾನೆ, ಅವನಪ್ಪ ನಾರ್ಮನ್ ಆಸ್ಬಾರ್ನ್ ಹೆಸರು ಸಮೇತ ಬರುವುದು 37ರಲ್ಲಿ. ಗಾಬ್ಲಿನ್ ಮುಖವಾಡ ಕಳಚಿ ತಾನೇ ನಾರ್ಮನ್ ಎಂದು ತೋರಿಸುವುದು 39ರಲ್ಲಿ, 1966ರ ಆಗಸ್ಟ್. ಮೊದಲು ಮಗ, ಆಮೇಲೆ ಅಪ್ಪ. ಹಾಗಾಗಿಯೇ ಗುಟ್ಟು ಒಡೆದಾಗ ನಮಗೆ ಹ್ಯಾರಿಯ ಚಿಂತೆ ಹತ್ತುತ್ತದೆ.

40ನೇ ಸಂಚಿಕೆಯನ್ನು ಮಾತ್ರ ನಿಧಾನವಾಗಿ ನೋಡು. ಹ್ಯಾರಿಗೆ ತಾಯಿಯಿಲ್ಲ. ಅಪ್ಪ ಸದಾ ವ್ಯವಹಾರದಲ್ಲಿ ಮುಳುಗಿದವನು, ಸಮಯದ ಬದಲು ಉಡುಗೊರೆ ಕೊಟ್ಟವನು. ಪ್ರಯೋಗದ ದ್ರಾವಣ ಹಸಿರಾಗಿ ಸಿಡಿದ ಮೇಲೆ ಅವನ ಸ್ವಭಾವ ಕೆಟ್ಟಿತು. ಅಪ್ಪ ಬದಲಾಗಿದ್ದಾನೆಂದು ಹ್ಯಾರಿಗೆ ಕಾಣುತ್ತದೆ, ಆದರೆ ಅದಕ್ಕೆ ಅಪಘಾತ, ಕೆಲಸದ ಒತ್ತಡ ಎಂಬ ಕಾರಣಗಳು ಕಣ್ಣೆದುರೇ ಇವೆ. ನಿನ್ನ ಕಥೆಗೆ ಬೇಕಾದದ್ದು ಇದೇ. ಮನೆಯವರಿಗೆ ಅನುಮಾನ ಬರಲಿ, ಅದಕ್ಕೊಂದು ತಪ್ಪು ಕಾರಣವೂ ಕೈಗೆ ಸಿಗಲಿ.

ಅದೇ ಸಂಚಿಕೆಯ ಕೊನೆಗೆ ನಾರ್ಮನ್‌ಗೆ ಮರೆವು ಬರುತ್ತದೆ. ಸ್ಪೈಡರ್‌ಮ್ಯಾನ್ ತಾನೇ ಗಾಬ್ಲಿನ್ ವೇಷವನ್ನು ಬೆಂಕಿಗೆ ಬಿಡುತ್ತಾನೆ. ಗುಟ್ಟಿನ ಹೊರೆ ಪೀಟರ್‌ನ ಹೆಗಲಿಗೆ ಬಿತ್ತು, ಮುಂದೆ ಅವನೇ ಹ್ಯಾರಿಯ ಜತೆ ಒಂದೇ ಮನೆಯಲ್ಲಿ ಇರುತ್ತಾನೆ. ಈ ಕಟ್ಟು ಬಹಳ ಗಟ್ಟಿ. ಮರೆವಿನ ಉಪಾಯವನ್ನೇ ಮತ್ತೆ ಮತ್ತೆ ಬಳಸಿದ್ದು ನನಗೆ ಹಿಡಿಸಲಿಲ್ಲ. ನೀನು ಒಂದೇ ಸಲ ಬಳಸು.

1971ರ 98ನೇ ಸಂಚಿಕೆಯಲ್ಲಿ ನೆನಪು ಮರಳಿದ ಗಾಬ್ಲಿನ್‌ನನ್ನು ಸೋಲಿಸುವುದು ಗುದ್ದಲ್ಲ. ಮಾದಕ ಮಾತ್ರೆ ನುಂಗಿ ಆಸ್ಪತ್ರೆಯಲ್ಲಿ ಮಲಗಿರುವ ಹ್ಯಾರಿಯನ್ನು ಕಿಟಕಿಯಿಂದ ಕಂಡದ್ದೇ ತಡ, ಕುಸಿದುಬೀಳುತ್ತಾನೆ. 122ರಲ್ಲಿ ತಾನು ಹಾರಾಡುವ ಯಂತ್ರಕ್ಕೆ, ತನ್ನದೇ ಗ್ಲೈಡರ್‌ಗೆ, ಸಿಕ್ಕಿ ಸಾಯುತ್ತಾನೆ. ಹೆಣದ ಮೇಲಿನ ವೇಷ ಕಳಚಿ ಬಚ್ಚಿಟ್ಟವನು ಹ್ಯಾರಿ ಎಂದು ಆಮೇಲೆ ತಿಳಿಯುತ್ತದೆ. 136ರಲ್ಲಿ ಆ ವೇಷ ತೊಟ್ಟವನೂ ಅವನೇ.

ನಿನ್ನ ಏಳನೇ ಪುಟದ ಬೀಗ, ಸುರಂಗ ಎಲ್ಲ ತೆಗೆದುಬಿಡು. ಅಲ್ಲಿ ಊಟದ ಹೊತ್ತನ್ನು ಬರಿ: ಅಪ್ಪನ ಅಂಗಿತೋಳಲ್ಲಿ ಸುಟ್ಟ ಕಲೆ, ಬಡಿಸುತ್ತಿರುವ ಮಗಳ ಕಣ್ಣು ಅದರ ಮೇಲೆ. ಅವಳು ಏನೂ ಕೇಳುವುದು ಬೇಡ. ಆ ಪುಟ ಆದ ಕೂಡಲೇ ಕಳಿಸು.

ನಿನ್ನ ಗೆಳೆಯ