ಕಾರು ಮಾರುವ ಮುಂಚೆ ಒಮ್ಮೆ ಕೆಳಗೆ ಬಗ್ಗಿ ನೋಡು

ಕಾಪು
18 ನವೆಂಬರ್ 2025

ಪ್ರೀತಿಯ ಪುಟ್ಟನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ನನಗೆ ಅರ್ಥವಾದದ್ದು ಇಷ್ಟು. ನಿನ್ನಪ್ಪ ಕೊಟ್ಟ ವ್ಯಾಗನ್ ಆರ್ ಕಾರಿನ ರಿಪೇರಿಗೆ ಗ್ಯಾರೇಜಿನವರು 48 ಸಾವಿರ ಹೇಳಿದ್ದಾರೆ. ಕ್ಲಚ್, ಮುಂದಿನ ಸಸ್ಪೆನ್ಷನ್, ಎಸಿ, ಟಿಂಕರಿಂಗ್, ಪೇಂಟಿಂಗ್. ಮಾರಿದರೆ ಒಂದೂಕಾಲು ಲಕ್ಷ ಬಂದರೆ ಪುಣ್ಯ. "ಅಂಥ ಗಾಡಿಗೆ ಇಷ್ಟು ದುಡ್ಡು ಸುರಿಯೋದಾ ದೊಡ್ಡಮ್ಮ?" ಅಂತ ಕೇಳಿದೆ.

ಎಲ್ಲರೂ ಹೀಗೇ ಲೆಕ್ಕ ಹಾಕುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಮಾರುವವನಿಗೆ ಮಾತ್ರ ಮಾರುಕಟ್ಟೆ ಬೆಲೆ ಮುಖ್ಯ. ಓಡಿಸುವವನು ಕೇಳಬೇಕಾದದ್ದು ಬೇರೆ. ಈ 48 ಸಾವಿರಕ್ಕೆ ಇನ್ನು ಎಷ್ಟು ದಿನ ಓಡುತ್ತದೆ? ಅಷ್ಟೇ ದಿನಕ್ಕೆ ಹೊಸ ಕಾರಿಗೆ ಎಷ್ಟು ಕೊಡಬೇಕು? ಬ್ಯಾಂಕಿನಲ್ಲಿ ಕೂತು ಕಾರು ಸಾಲದ ಫೈಲುಗಳನ್ನೇ ನೋಡಿದವಳು ನಾನು, ಸುಮ್ನೆ ಇರಲಾರೆ. 7 ಲಕ್ಷ ಸಾಲ, ಶೇಕಡಾ 9 ಬಡ್ಡಿ, 5 ವರ್ಷ ಅಂದರೆ ತಿಂಗಳಿಗೆ ಸುಮಾರು 14,500 ರೂಪಾಯಿ ಕಂತು. ಬಡ್ಡಿಯೇ 1 ಲಕ್ಷ 70 ಸಾವಿರ ದಾಟುತ್ತದೆ. ನಿನ್ನ 48 ಸಾವಿರ ಮೂರು ಚಿಲ್ಲರೆ ಕಂತಿಗೆ ಸಮ. ರಿಪೇರಿ ಮಾಡಿಸಿದ ಕಾರು ಒಂದು ವರ್ಷ ಓಡಿದರೂ ನೀನು ಗೆದ್ದ ಹಾಗೆ. ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ, ಈಗ ಬಿಟ್ಟರೆ ಸಿಗುವುದಿಲ್ಲ ಅಂತ ನಿನ್ನ ಹೆಂಡತಿ ಹೇಳುತ್ತಿದ್ದಳಲ್ಲ, ಇಳಿದದ್ದು ನಿಜ. ಆದರೆ ಅದು ದೀಪಾವಳಿ ಆಫರ್ ಅಲ್ಲ, ಮುಂದಿನ ವರ್ಷವೂ ಅಂಗಡಿ ತೆರೆದೇ ಇರುತ್ತದೆ.

ಹಾಗಂತ ಕಣ್ಣು ಮುಚ್ಚಿ ರಿಪೇರಿ ಮಾಡಿಸು ಅನ್ನುತ್ತಿಲ್ಲ. ಮೊದಲು ಕಾರಿನ ಕೆಳಗೆ ನೋಡಬೇಕು.

ನಮ್ಮ ಕಡೆ ಕಾರು ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಜೂನ್‌ನಿಂದ ನಾಲ್ಕು ತಿಂಗಳು ಮಳೆ, ವರ್ಷವಿಡೀ ಉಪ್ಪುಗಾಳಿ. ನಿನ್ನ ಕಾರಿನ ಇಂಜಿನ್ ಬಗ್ಗೆ ನನಗೆ ಚಿಂತೆ ಇಲ್ಲ. ಅದರದ್ದು 998 ಸಿಸಿ ಇಂಜಿನ್, ಟೈಮಿಂಗ್ ಚೈನ್ ಇರುವುದು, ಬೆಲ್ಟ್ ಬದಲಾಯಿಸುವ ರಗಳೆಯೂ ಇಲ್ಲ. ಮೀಟರ್ 92 ಸಾವಿರ ಅಂದೆ, ಅದಕ್ಕೆ ಅದೇನೂ ದೊಡ್ಡ ಓಟವಲ್ಲ. ಇಂಜಿನ್ ಕೆಟ್ಟರೂ ಬಿಚ್ಚಿ ಕಟ್ಟುವವರು ಊರಿಗೊಬ್ಬರು ಸಿಗುತ್ತಾರೆ. ಅಡಿಯ ತಗಡನ್ನು ತುಕ್ಕು ತಿಂದುಹಾಕಿದರೆ ಯಾರಿಂದಲೂ ಆಗದು.

ಆದ್ದರಿಂದ ಕಾರನ್ನು ಲಿಫ್ಟ್‌ಗೆ ಏರಿಸಲು ಹೇಳು. ನೀನೂ ಕೆಳಗೆ ಹೋಗಿ ನಿಲ್ಲು, ಫೋಟೋ ಕಳಿಸಿ ಅನ್ನಬೇಡ. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಉದ್ದ ಪಟ್ಟಿಗೆ, ಚಾಸಿಗೆ, ಹಿಂದಿನ ಸ್ಪ್ರಿಂಗ್ ಕೂರುವ ಜಾಗಕ್ಕೆ ಮೆಲ್ಲ ಬಡಿಯುತ್ತಾ ಹೋಗು. ಟಣ್ ಅಂದರೆ ಗಟ್ಟಿ. ಬೊದ್ ಅಂತ ಸದ್ದಾಗಿ ಕೆಂಪು ಪುಡಿ ಕಣ್ಣಿಗೆ ಬಿದ್ದರೆ ಅಲ್ಲಿ ತಗಡಿಲ್ಲ, ಬಣ್ಣ ಮಾತ್ರ ಇದೆ. ಬಾಗಿಲಿಗೆ, ಮಡ್‌ಗಾರ್ಡಿಗೆ ತುಕ್ಕು ಹಿಡಿದಿದ್ದರೆ ಕತ್ತರಿಸಿ ವೆಲ್ಡ್ ಮಾಡಿಸಬಹುದು. ಚಾಸಿಯಲ್ಲಿ, ಸಸ್ಪೆನ್ಷನ್ ಕಟ್ಟಿದ ಜಾಗದಲ್ಲಿ ತೂತು ಬಿದ್ದಿದ್ದರೆ 48 ಸಾವಿರವಲ್ಲ, 8 ಸಾವಿರವೂ ಹಾಕಬೇಡ. ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತುವ ಗಾಡಿ ಅದು.

ಒಳಗಿನ ಮ್ಯಾಟೂ ಎತ್ತು, ಅದರ ಅಡಿಯ ದಪ್ಪ ಹಾಸನ್ನೂ ಎತ್ತಿ ಕೈಯಿಟ್ಟು ನೋಡು. ಒದ್ದೆ ಇದ್ದರೆ ನೀರು ಎಲ್ಲಿಂದಲೋ ಬರುತ್ತಿದೆ. ನಿನ್ನಪ್ಪ ಅದನ್ನು ಹಲಸಿನ ಮರದಡಿಯೇ ನಿಲ್ಲಿಸುತ್ತಿದ್ದದ್ದು ನನಗೆ ನೆನಪಿದೆ. ಮುಂದಿನ ಗಾಜಿನ ಬುಡದಲ್ಲಿ ಎಲೆ ಕೊಳೆತು ನೀರು ಹೋಗುವ ದಾರಿ ಕಟ್ಟಿಕೊಂಡಿರುತ್ತದೆ, ಆಗ ಅದು ಕಾಲ ಬುಡಕ್ಕೆ ಇಳಿಯುತ್ತದೆ. ಬಾಗಿಲ ಅಡಿಯಲ್ಲೂ ನೀರು ಇಳಿಯಲು ಸಣ್ಣ ತೂತುಗಳಿವೆ. ಹಿಡಿಸೂಡಿ ಕಡ್ಡಿ ಒಂದು ಸಾಕು, ಮಣ್ಣು ಕೆದಕಿ ತೆಗೆ. ಖರ್ಚಿಲ್ಲದ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ.

ಕೆಳಗೆ ಗಟ್ಟಿ ಇದೆ ಅಂತ ಆದರೆ ಗ್ಯಾರೇಜಿನವರು ಕೊಟ್ಟ ರಿಪೇರಿ ಪಟ್ಟಿಯನ್ನು ಎರಡು ಮಾಡು. ಕ್ಲಚ್ ಈಗಲೇ ಬೇಕು. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸು. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದಕ್ಕಾದರೂ ಅಷ್ಟೇ, ಮೂರಕ್ಕಾದರೂ ಅಷ್ಟೇ. ಸಸ್ಪೆನ್ಷನ್ ಬುಷ್, ಬಾಲ್ ಜಾಯಿಂಟ್, ಬ್ರೇಕ್, ಇವುಗಳಲ್ಲಿ ಚೌಕಾಶಿ ಬೇಡ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂತ ಇದ್ದರೆ 2018ರ 23ನೇ ವಾರದ್ದು. ಹಲ್ಲು ಚೆನ್ನಾಗಿದೆ ಅಂತ ಮೋಸ ಹೋಗಬೇಡ, ಅಷ್ಟು ಹಳೇ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಎಸಿ ಮಾರ್ಚ್‌ವರೆಗೆ ಕಾಯಲಿ. ಮಾಡಿಸುವಾಗ ಲೀಕ್ ಎಲ್ಲಿ ಅಂತ ಹುಡುಕಿಸು, ಬರೀ ಗ್ಯಾಸ್ ತುಂಬಿಸಿದರೆ ಬೇಸಿಗೆ ಮುಗಿಯುವ ಮುಂಚೆ ಖಾಲಿ. ಪೇಂಟಿಂಗ್ ಬೇಡವೇ ಬೇಡ. ತುಕ್ಕು ತೆಗೆಯದೆ ಅಡಿಗೆ ಕಪ್ಪು ಕೋಟಿಂಗ್ ಬಳಿಯುತ್ತೇನೆ ಅಂದರೆ ಅದಕ್ಕೂ ಒಪ್ಪಬೇಡ, ಒಳಗೆ ತೇವ ಉಳಿದು ಇನ್ನೂ ಬೇಗ ತಿನ್ನುತ್ತದೆ.

ಹೊಸತು ಬೇಡ, ಒಳ್ಳೆ ಸೆಕೆಂಡ್ ಹ್ಯಾಂಡ್ ನೋಡೋಣ ಅಂತಲೂ ಅಂದೆ ಅಲ್ವಾ? ನನ್ನ ಕತೆ ನಿನಗೆ ಗೊತ್ತಿಲ್ಲ, ನೀನಾಗ ಸಣ್ಣವ. ನನ್ನ ಮಾರುತಿ 800ಕ್ಕೆ ಇಂಜಿನ್ ಕೆಲಸ ಬಂತು. ಸಿಟ್ಟಿನಲ್ಲಿ ಸಿಕ್ಕಿದ ಬೆಲೆಗೆ ಕೊಟ್ಟು, ಪರಿಚಯದವರ ಮಾತು ನಂಬಿ ಬೇರೆ ಕಾರು ತಂದೆ. ಫಳಫಳ ಹೊಳೆಯುತ್ತಿತ್ತು, ಒಳಗೆ ಅತ್ತರಿನ ಪರಿಮಳ. ಜೂನ್ ಬಂದದ್ದೇ ಬಂದದ್ದು, ಒದ್ದೆ ಗೋಣಿಯ ವಾಸನೆ. ವೈಪರ್ ತಾನಾಗಿ ಓಡುವುದು, ಹಾರ್ನ್ ನಿಲ್ಲದಿರುವುದು. ಒಂದು ದಿನ ಸೀಟ್ ಬೆಲ್ಟ್ ಪೂರ್ತಿ ಎಳೆದೆ. ಕೊನೆಯ ಒಂದು ಗೇಣಿನಲ್ಲಿ ಕೆಂಪು ಮಣ್ಣಿನ ಗೆರೆ! ನೆರೆನೀರಿನಲ್ಲಿ ನಿಂತ ಗಾಡಿ ಅದು. ಎಲ್ಲ ತೊಳೆದಿದ್ದರು, ಬೆಲ್ಟಿನ ಬುಡ ಮರೆತಿದ್ದರು. ಎರಡು ವರ್ಷದಲ್ಲಿ ಅದಕ್ಕೆ ಹಾಕಿದ ದುಡ್ಡಿನಲ್ಲಿ 800ರ ಇಂಜಿನ್ ಎರಡು ಸಲ ಮಾಡಿಸಬಹುದಿತ್ತು. ನಿನ್ನ ಹಳೇ ಕಾರಿನ ಹುಳುಕಾದರೂ ನಿನಗೆ ಗೊತ್ತು.

ಅಂದಹಾಗೆ, ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಕಾರು ಇಳಿಸಲೇಬೇಡ. ನೀರಿನ ಮಧ್ಯೆ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡ, ತಳ್ಳಿಸು. ಇಂಜಿನ್ ಒಳಗೆ ನೀರು ಹೋಗಿದ್ದರೆ ಸ್ಟಾರ್ಟ್ ಮಾಡಲು ಹೊಡೆದ ಆ ಒಂದು ಸೆಲ್ಫ್‌ಗೇ ಅದರೊಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಅದಕ್ಕೆ ದುಡ್ಡು ಸಿಗುವುದು ಕಷ್ಟ.

ಇನ್ನು ಕಾಗದಪತ್ರ. 15 ವರ್ಷ ಆದ ಕೂಡಲೇ ಗುಜರಿ ಅಂತ ಯಾರೋ ಹೆದರಿಸಿದ್ದಾರೆ. ಆ ಗಲಾಟೆ ದೆಲ್ಲಿಯ ಕಡೆಯದ್ದು. ನಮ್ಮಲ್ಲಿ ಸ್ವಂತ ಕಾರಿನ ಆರ್‌ಸಿಯನ್ನು, ಅಂದರೆ ನೋಂದಣಿ ಪತ್ರವನ್ನು, 5 ವರ್ಷಕ್ಕೆ ನವೀಕರಿಸಬಹುದು. ನಿನ್ನದು ಜನವರಿ 25ಕ್ಕೆ ಮುಗಿಯುತ್ತದೆ. 60 ದಿನ ಮುಂಚಿನಿಂದ ನವೀಕರಣದ ಅರ್ಜಿ, ಫಾರಂ 25, ಕೊಡಬಹುದು, ಅಂದರೆ ಮುಂದಿನ ವಾರದಿಂದ. 2022ರ ಏಪ್ರಿಲ್‌ನಿಂದ ಶುಲ್ಕ 5 ಸಾವಿರ, ಹಸಿರು ತೆರಿಗೆ ಬೇರೆ. ಆರ್‌ಟಿಒ ಇನ್‌ಸ್ಪೆಕ್ಟರ್ ಗಾಡಿ ನೋಡುತ್ತಾರೆ, ಲೈಟು ಬ್ರೇಕು ಸರಿ ಇರಲಿ. 20 ವರ್ಷ ದಾಟಿದ ಮೇಲೆ ಶುಲ್ಕ 10 ಸಾವಿರ. ಅಷ್ಟರವರೆಗೆ ಇಟ್ಟುಕೋ ಅಂತ ನಾನೂ ಹೇಳುವುದಿಲ್ಲ. ಎರಡು ಮೂರು ವರ್ಷ ಓಡಿಸು. ಕಟ್ಟದೆ ಉಳಿದ ಕಂತನ್ನು ತಿಂಗಳು ತಿಂಗಳು ಬ್ಯಾಂಕಿನ ಆರ್‌ಡಿಗೆ ಹಾಕು, ಹೊಸ ಕಾರಿಗೆ ಅರ್ಧ ದುಡ್ಡು ಕೈಯಲ್ಲೇ ಇರುತ್ತದೆ.

ಮುಂದಿನ ಭಾನುವಾರ ಎಲ್ಲರೂ ಬನ್ನಿ, ನೀರುದೋಸೆ ಮಾಡುತ್ತೇನೆ. ಗ್ಯಾರೇಜಿನಿಂದ ಬಿಚ್ಚಿದ ಹಳೆ ಸಾಮಾನು ಕೇಳಿ ತೆಗೆದುಕೋ, ನಾಚಿಕೆ ಬೇಡ. ಒಂದು ಗೋಣಿಯಲ್ಲಿ ಕಟ್ಟಿ ಡಿಕ್ಕಿಯಲ್ಲಿ ಹಾಕಿಕೊಂಡು ಬಾ. ಆ ಕ್ಲಚ್ ಪ್ಲೇಟ್ ನಿಜವಾಗಿ ಸವೆದಿತ್ತಾ ಅಂತ ನನಗೂ ನೋಡಬೇಕು.

ನಿನ್ನ,
ದೊಡ್ಡಮ್ಮ