ಸಸಿ ನೆಟ್ಟ ಮೇಲಿನ ಮೂರು ವರ್ಷ ಯಾರದು?

ಸಂಪಾದಕರಿಗೆ ನಮಸ್ಕಾರ,

ಪಾರ್ಕಿನಲ್ಲಿ ಸಸಿ ನೆಟ್ಟ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಸಸಿಗಳಲ್ಲಿ ಎಷ್ಟು ಉಳಿದವು ಅಂತ ಎರಡು ಬೇಸಿಗೆ ಕಳೆದ ಮೇಲೆ ಹೋಗಿ ನೋಡಿ ಬರೆದ ಸುದ್ದಿ ಕಾಣುವುದು ಬಹಳ ಅಪರೂಪ. ನಿಮ್ಮ ಪತ್ರಿಕೆಯೇ ಅದನ್ನು ಶುರು ಮಾಡಿದರೆ ಚೆನ್ನಾಗಿರುತ್ತದೆ.

ನೆಡುವುದಕ್ಕೆ ಅರ್ಧ ದಿನ ಸಾಕು. ಬೇರು ಸುತ್ತಲಿನ ಮಣ್ಣಿಗೆ ಇಳಿದು, ಗಿಡ ತನ್ನ ನೀರನ್ನು ತಾನೇ ಹುಡುಕಿಕೊಳ್ಳುವ ಹೊತ್ತಿಗೆ ಎರಡು ಮೂರು ವರ್ಷ ಹಿಡಿಯುತ್ತದೆ. ಅಷ್ಟು ದಿನ ಅದನ್ನು ನೋಡಿಕೊಳ್ಳುವವರು ಅಕ್ಕಪಕ್ಕದ ಮನೆಯವರೇ. ನಿವೃತ್ತರು, ಕಾಲೇಜು ಹುಡುಗರು, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಂದು ಹೋಗುವವರು. ಯಾರೂ ಇವರಿಗೆ ಸಂಬಳ ಕೊಡುವುದಿಲ್ಲ, ಇವರೂ ಕೇಳುವುದಿಲ್ಲ.

ಇವರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಸುಮ್ನೆ ಪೈಪ್ ಹಿಡಿದು ಎಲೆ ಒದ್ದೆ ಮಾಡಿ ಹೋಗುವವರಲ್ಲ. ಮೊದಲು ಬುಡದ ಮಣ್ಣಿಗೆ ಬೆರಳು ಇಳಿಸಿ ನೋಡುತ್ತಾರೆ. ಒಳಗೆ ತೇವ ಇದ್ದರೆ ಅವತ್ತು ನೀರಿಲ್ಲ. ಒಣಗಿದ್ದರೆ ಪಾತಿ ತುಂಬುವ ಹಾಗೆ ನಿಧಾನವಾಗಿ ಹಾಕುತ್ತಾರೆ, ಯಾಕೆಂದರೆ ದಿನಾ ಚೂರು ಚೂರು ಹಾಕಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿದುಬಿಡುತ್ತದೆ, ಬಿಸಿಲು ಜಾಸ್ತಿಯಾದ ಕೂಡಲೇ ಗಿಡ ಸೊರಗುತ್ತದೆ. ಉದುರಿದ ಎಲೆಗೆ ಬೆಂಕಿ ಹಚ್ಚುವುದಿಲ್ಲ, ಗಿಡದ ಸುತ್ತ ಹರಡುತ್ತಾರೆ. ಅದೂ ಕಾಂಡಕ್ಕೆ ತಾಗದ ಹಾಗೆ, ಒಂದು ಗೇಣು ಬಿಟ್ಟು. ತಾಗಿದರೆ ತೇವಕ್ಕೆ ತೊಗಟೆ ಕೊಳೆಯುತ್ತದೆ. ಇನ್ನು ಆಸರೆಗೆ ನೆಟ್ಟ ಕೋಲಿನ ದಾರ. ಸಸಿ ನೆಟ್ಟವರು ಬಿಗಿಯಾಗಿ ಕಟ್ಟಿ ಹೋಗಿರುತ್ತಾರೆ, ಕಾಂಡ ದಪ್ಪಗಾಗುತ್ತಾ ಹೋದ ಹಾಗೆ ಆ ಪ್ಲಾಸ್ಟಿಕ್ ದಾರ ತೊಗಟೆಯೊಳಗೆ ಹೂತುಹೋಗುತ್ತದೆ, ಅಲ್ಲಿಂದ ಮೇಲೆ ಗಿಡ ಏಳುವುದೇ ಇಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ಸಡಿಲ ಮಾಡುವುದು, ಆಮೇಲೆ ಬಿಚ್ಚಿ ತೆಗೆಯುವುದು ಯಾವ ಟೆಂಡರಿನಲ್ಲಿ ಬರೆದಿರುತ್ತದೆ ಹೇಳಿ.

ಹಾಗಂತ ಎಲ್ಲವನ್ನೂ ಇವರ ತಲೆಗೆ ಕಟ್ಟುವುದು ತಪ್ಪು. ಸ್ವಯಂಸೇವಕರಿದ್ದಾರಲ್ಲ ಅಂತ ಮಾಲಿಯನ್ನು ತೆಗೆಯುವುದು, ಕಸ ಎತ್ತುವ ಗಾಡಿ ಬರುವುದನ್ನು ನಿಲ್ಲಿಸುವುದು ನ್ಯಾಯವಲ್ಲ. ದೊಡ್ಡ ಮರದ ಒಣಗಿದ ಕೊಂಬೆ ಕಡಿಯುವುದು, ಲೈಟು, ಬೇಲಿ, ಇವೆಲ್ಲ ಆಡಳಿತದ ಕೆಲಸವೇ.

ನನ್ನ ಮುಖ್ಯ ಮಾತು ಇನ್ನೊಂದಿದೆ. ಇಷ್ಟು ವರ್ಷ ಮೈ ಬಗ್ಗಿಸಿ ದುಡಿದವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ನ್ಯೂಯಾರ್ಕಿನಲ್ಲಿ ಏನಾಯಿತು ನೋಡಿ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಅವರ ಗೆಳೆಯರ ಗುಂಪು ಗ್ರೀನ್ ಗೆರಿಲ್ಲಾಸ್, ಬೌವರಿ ಮತ್ತು ಹ್ಯೂಸ್ಟನ್ ರಸ್ತೆಗಳ ಮೂಲೆಯಲ್ಲಿ ಕಸ ತುಂಬಿ ಬಿದ್ದಿದ್ದ ಒಂದು ಖಾಲಿ ಸೈಟನ್ನು ತಾವೇ ಸ್ವಚ್ಛ ಮಾಡಿ ತೋಟ ಎಬ್ಬಿಸಿದರು. ಮರುವರ್ಷ ನಗರಾಡಳಿತ ಆ ಜಾಗವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಅವರಿಗೇ ಬರೆದುಕೊಟ್ಟಿತು. ಆ ತೋಟವನ್ನು ಈಗ ಲಿಜ್ ಕ್ರಿಸ್ಟಿ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ನೋಡಿ ಊರ ತುಂಬ ಅಂಥ ತೋಟಗಳು ಹುಟ್ಟಿದವು. ಆದರೆ ಅವುಗಳ ಕಾಗದ ಅಷ್ಟೇನೂ ಗಟ್ಟಿ ಇರಲಿಲ್ಲ. 1999ರಲ್ಲಿ ಅದೇ ನಗರಾಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಹಾಕಲು ಹೊರಟಿತು. ಜನ ಬೀದಿಗಿಳಿದರು. ಕೊನೆಗೆ ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್, ನ್ಯೂಯಾರ್ಕ್ ರೆಸ್ಟೊರೇಷನ್ ಪ್ರಾಜೆಕ್ಟ್ ಎಂಬ ಎರಡು ಸಂಸ್ಥೆಗಳು ದುಡ್ಡು ಕೊಟ್ಟು ಕೊಂಡುಕೊಂಡಿದ್ದರಿಂದ ಅವು ಉಳಿದವು. ಎಲ್ಲ ಕಡೆ ಹಾಗೆ ಯಾರಾದರೂ ಬಂದು ಕಾಪಾಡುತ್ತಾರೆ ಅಂತ ನಂಬಿ ಕೂರೋಕಾಗಲ್ಲ, ಅಲ್ವಾ?

ಆದ್ದರಿಂದ ಕೇಳುವುದು ಇಷ್ಟೇ. ಪಾರ್ಕು ನೋಡಿಕೊಳ್ಳುವ ಗುಂಪಿಗೆ ಕೆಲವು ವರ್ಷಗಳ ಲಿಖಿತ ಒಪ್ಪಂದ ಕೊಡಿ. ಆಡಳಿತ ಏನು ಮಾಡುತ್ತದೆ, ಗುಂಪು ಏನು ಮಾಡುತ್ತದೆ ಅನ್ನುವುದು ಅದರಲ್ಲಿ ಸ್ಪಷ್ಟವಾಗಿರಲಿ. ಪಾರ್ಕಿನೊಳಗೇ ಒಂದು ನಲ್ಲಿ ಬೇಕು. ಮನೆಯಿಂದ ಬಕೆಟ್ ಹೊತ್ತು ತರುವ ಉತ್ಸಾಹ ಒಂದು ಬೇಸಿಗೆಗೆ ಮುಗಿಯುತ್ತದೆ, ಅದರಲ್ಲೂ ವಯಸ್ಸಾದವರಿಗೆ. ಗುದ್ದಲಿ, ಪೈಪು ಇಡೋಕೆ ಬೀಗ ಇರುವ ಒಂದು ಪೆಟ್ಟಿಗೆ ಕೊಟ್ಟರೂ ಎಷ್ಟೋ ಅನುಕೂಲ.

ಕಾಮಗಾರಿ ಶುರು ಮಾಡುವ ಮುಂಚೆ ಅವರನ್ನು ಕರೆದು ನಕ್ಷೆ ತೋರಿಸಿ. ಮರದ ಬೇರು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತದೆ. ಪೈಪ್‌ಲೈನ್ ಹಾಕುತ್ತೇವೆ ಅಂತ ಒಂದೇ ದಿನದಲ್ಲಿ ಚರಂಡಿ ತೋಡಿದರೆ, ನಡೆಯುವ ದಾರಿ ಮಾಡುತ್ತೇವೆ ಅಂತ ಬುಡದ ತನಕ ಕಾಂಕ್ರೀಟ್ ಸುರಿದರೆ, ವರ್ಷಗಟ್ಟಲೆ ಬೆಳೆಸಿದ ಮರ ಒಳಗೊಳಗೇ ಸಾಯುತ್ತದೆ. ದಾರಿಯನ್ನು ನಾಲ್ಕು ಅಡಿ ಆಚೆ ಸರಿಸಿ ಅಂತ ಹೇಳಬಲ್ಲವರು ಅಲ್ಲಿ ದಿನಾ ಮಣ್ಣು ಮುಟ್ಟುವವರೇ, ಮತ್ತು ನಕ್ಷೆ ಕಾಗದದ ಮೇಲೆ ಇರುವಾಗಲೇ ಅವರು ಅದನ್ನು ಹೇಳುವ ಹಾಗಾಗಬೇಕು.

ಇತಿ,
ನಿಮ್ಮ ಓದುಗ