ಮಕ್ಕಳ ಮೆದುಳು ಜ್ವರ: ಕಾರಣ ಪತ್ತೆಯಾಗಲಿ

ಮಾನ್ಯ ಸಂಪಾದಕರೇ,

ಕೊಡಗಿನ ಹಾಡಿಯಲ್ಲೋ ಕಾಫಿ ತೋಟದ ಲೈನ್‌ಮನೆಯಲ್ಲೋ ಪುಟ್ಟ ಮಗುವಿಗೆ ಜೋರು ಜ್ವರದ ಜತೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಿದರೆ, ಮಡಿಕೇರಿಗೆ, ಅಲ್ಲಿಂದ ಮೈಸೂರಿಗೋ ಮಂಗಳೂರಿಗೋ ಒಯ್ಯುವುದು ರೂಢಿ. ಆ ಓಡಾಟದ ನಡುವೆ ಮಗು ತೀರಿಕೊಂಡರೆ ದಾಖಲೆಯಲ್ಲಿ ‘ಮೆದುಳು ಜ್ವರ’ ಎಂಬ ಎರಡು ಪದಗಳಷ್ಟೇ ಉಳಿಯುವ ಅಪಾಯವಿದೆ. ಆದರೆ ಅದು ರೋಗಲಕ್ಷಣದ ವಿವರಣೆಯೇ ಹೊರತು ಸಾವಿನ ಕಾರಣವಲ್ಲ.

1965ರಲ್ಲಿ ನಾಗಪುರದ ಸಮೀಪ ಪತ್ತೆಯಾದ, ಮೆದುಳು ಜ್ವರ ತರುವ ಚಾಂದಿಪುರ ವೈರಾಣು 2003ರಲ್ಲಿ ಆಂಧ್ರಪ್ರದೇಶದಲ್ಲಿ 329 ಮಕ್ಕಳನ್ನು ಬಾಧಿಸಿ, 183 ಮಕ್ಕಳನ್ನು ಬಲಿ ತೆಗೆದುಕೊಂಡಿತು. 2024ರಲ್ಲಿ ಗುಜರಾತಿನಲ್ಲಿ ಮತ್ತೆ ಕಾಣಿಸಿತು. ಲಕ್ಷಣ ಕಾಣಿಸಿದ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದಾದ ಇಂಥ ಕಾಯಿಲೆಯಲ್ಲಿ, ದೊಡ್ಡ ಆಸ್ಪತ್ರೆಗೆ ತಲುಪಿದ ಮೇಲೆ ಮಾದರಿ ತೆಗೆದರಾಯಿತು ಎಂದು ಕಾಯುವಂತಿಲ್ಲ. ಎಲ್ಲವನ್ನೂ ವೈರಾಣುವಿನ ತಲೆಗೆ ಕಟ್ಟುವುದೂ ತಪ್ಪು. ಉತ್ತರ ಪ್ರದೇಶದ ಗೋರಖಪುರದಲ್ಲಿ ವರ್ಷಗಟ್ಟಲೆ, ಸೊಳ್ಳೆಯಿಂದ ಹರಡುವ ವೈರಾಣು ಕಾಯಿಲೆಯಾದ ಜಪಾನೀಸ್ ಮೆದುಳು ಜ್ವರದತ್ತಲೇ ಗಮನವಿತ್ತು. ನಂತರದ ತನಿಖೆಯಲ್ಲಿ ಬಹಳಷ್ಟು ಪ್ರಕರಣಗಳಿಗೆ ಸ್ಕ್ರಬ್ ಟೈಫಸ್ ಕಾರಣವೆಂದು ತಿಳಿದುಬಂತು. ಅದು ಬ್ಯಾಕ್ಟೀರಿಯಾದಿಂದ ಬರುವ, ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಔಷಧಕ್ಕೆ ಬಗ್ಗುವ ಕಾಯಿಲೆ. ಕಾರಣ ಹುಡುಕುವ ಕೆಲಸ ಮುಂದಿನ ಮಗುವಿನ ಚಿಕಿತ್ಸೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಮಗುವನ್ನು ಮೊದಲು ನೋಡುವ ತಾಲ್ಲೂಕು ಆಸ್ಪತ್ರೆಯಲ್ಲೇ, ಚಿಕಿತ್ಸೆಗೆ ಕಿಂಚಿತ್ತೂ ತಡವಾಗದಂತೆ, ರಕ್ತದ ಜತೆಗೆ ಗಂಟಲು ದ್ರವ ಮತ್ತು ಮಲದ ಮಾದರಿಯನ್ನು ಸಂಗ್ರಹಿಸಿ, ಶೀತಲ ಪೆಟ್ಟಿಗೆಯಲ್ಲಿ ವೈರಾಣು ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆ ಬೇಕು. ಬೆನ್ನುಹುರಿ ದ್ರವವನ್ನು ವೈದ್ಯರು ಸುರಕ್ಷಿತವೆಂದು ಕಂಡಾಗ ತೆಗೆಯಲಿ. ಆದರೆ ಅದೊಂದನ್ನೇ ನಂಬಿದರೆ ಮೆದುಳು ಜ್ವರ ತರಬಲ್ಲ ಎಂಟೆರೊವೈರಸ್ 71ರಂಥ ವೈರಾಣುಗಳು ಕೈತಪ್ಪುತ್ತವೆ, ಅವು ಗಂಟಲು ಮತ್ತು ಮಲದಲ್ಲೇ ಹೆಚ್ಚು ಸಿಗುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ದಿನವಿಡೀ ಬಾರದ ನಮ್ಮ ಜಿಲ್ಲೆಯಲ್ಲಿ ಮಾದರಿಯನ್ನು ತಣ್ಣಗಿಡುವುದೂ ಸಣ್ಣ ಮಾತಲ್ಲ.

ಅಷ್ಟೇ ಮುಖ್ಯವಾದದ್ದು ಮನೆಯ ತನಿಖೆ. ಒಡಹುಟ್ಟಿದವರಿಗೆ ಜ್ವರವಿದೆಯೇ, ಮಗು ಹಿಂದಿನ ರಾತ್ರಿ ಏನು ತಿಂದಿತ್ತು, ಲಸಿಕೆ ಆಗಿದೆಯೇ, ಜಪಾನೀಸ್ ಮೆದುಳು ಜ್ವರಕ್ಕೆ ದಾರಿಯಾಗಬಲ್ಲ ಗದ್ದೆಯೂ ಹಂದಿಗೂಡೂ ಎಷ್ಟು ಹತ್ತಿರ, ಗೋಡೆಯ ಬಿರುಕುಗಳಲ್ಲಿ ಚಾಂದಿಪುರ ವೈರಾಣುವನ್ನು ಹರಡುವ ಮರಳು ನೊಣ ಇದೆಯೇ ಎಂಬುದನ್ನು ಸ್ಥಳಕ್ಕೆ ಹೋಗಿಯೇ ತಿಳಿಯಬೇಕು. ಅಸ್ಸಾಂನಿಂದ ಬಂದ ಕಾರ್ಮಿಕ ಕುಟುಂಬವು ಮಗುವನ್ನು ಕಳೆದುಕೊಂಡ ದುಃಖದಲ್ಲಿ ತೋಟ ಬಿಟ್ಟು ಹೊರಟರೆ ಈ ಪ್ರಶ್ನೆಗಳಿಗೆ ಉತ್ತರಿಸುವವರೇ ಇರುವುದಿಲ್ಲ. ಹಾಗಾಗಿ ಮೈಸೂರು, ಮಂಗಳೂರಿನ ಆಸ್ಪತ್ರೆಗಳು ಅಂಥ ಪ್ರತಿಯೊಂದು ಪ್ರಕರಣವನ್ನೂ ದಾಖಲಾದ ದಿನವೇ ಕೊಡಗು ಜಿಲ್ಲಾ ರೋಗ ಸರ್ವೇಕ್ಷಣಾ ಘಟಕಕ್ಕೆ ತಿಳಿಸಬೇಕು. ಪರೀಕ್ಷೆಯ ಫಲಿತಾಂಶವನ್ನು ಹೆತ್ತವರಿಗೆ ಅವರದೇ ಭಾಷೆಯಲ್ಲಿ ವಿವರಿಸುವ ಹೊಣೆಯನ್ನು ಆರೋಗ್ಯ ಇಲಾಖೆ ಒಬ್ಬ ನಿರ್ದಿಷ್ಟ ಅಧಿಕಾರಿಗೆ ವಹಿಸಬೇಕು.

– ನಿವೃತ್ತ ಆರೋಗ್ಯ ಸಹಾಯಕ, ಸೋಮವಾರಪೇಟೆ ತಾಲ್ಲೂಕು